ಸ್ಟೀಲ್ ರೋಡ್ ಫ್ರೇಮ್ ಆರಿಸುವಾಗ ಸ್ಟಿಕರ್ ಕೊನೆಗೆ ನೋಡಿ

ಭೋಸರಿ ಎಂಐಡಿಸಿಯಲ್ಲಿ ನನಗೆ ಗೊತ್ತಿರುವ ಒಬ್ಬ ವೆಲ್ಡರ್ ಇದ್ದಾನೆ. ಇಂಡಿ ತಾಲ್ಲೂಕಿನವನು. ಹೋದ ವರ್ಷ ನನ್ನ ಸೈಕಲ್ಲಿನ ಸ್ಟೀಲ್ ಫ್ರೇಮಿಗೆ ಇನ್ನೊಂದು ಬಾಟಲಿ ಸ್ಟ್ಯಾಂಡಿನ ಬೋಲ್ಟ್ ಕೂರಿಸಲು ಅವನ ಹತ್ತಿರ ಒಯ್ದಿದ್ದೆ. ಅವನು ಟಾಪ್ ಟ್ಯೂಬಿನ, ಅಂದರೆ ಸೀಟಿನ ಕಡೆಯಿಂದ ಹ್ಯಾಂಡಲ್ ಕಡೆಗೆ ಹೋಗುವ ಮೇಲಿನ ಪೈಪಿನ, ತುದಿಗೆ ಉಗುರಿನಿಂದ ಬಡಿದ. ಟಕ್ ಎಂದಿತು. ನಡುವೆ ಬಡಿದ. ಟಿಣ್ ಎಂದಿತು. ಇನ್ನೊಂದು ಸಲ ಬಡಿದು ನೋಡಿ ಫ್ರೇಮ್ ವಾಪಸ್ ಕೈಗಿಟ್ಟ. "ಅಣ್ಣಾರ, ಇದು ಪೈಪ್ ಅಲ್ರಿ, ಹಪ್ಪಳ ಐತಿ. ನಾ ಇದಕ್ಕ ಬೆಂಕಿ ಹಚ್ಚಂಗಿಲ್ರಿ."

ಅವನ ಉಗುರಿಗೆ ಸಿಕ್ಕಿದ್ದೇ ಬಟೆಡ್ ಟ್ಯೂಬ್. ಬೆಸುಗೆ ಬೀಳುವ ತುದಿಗಳಲ್ಲಿ ದಪ್ಪ, ನಡುಭಾಗದಲ್ಲಿ ತೆಳು. ನನ್ನ ಫ್ರೇಮಿನಲ್ಲಿ ತುದಿಗೆ 0.8 ಮಿಮೀ, ನಡುವೆ 0.5 ಮಿಮೀ. ಹೊರಗಿನಿಂದ ನೋಡಿದರೆ ಪೈಪು ಒಂದೇ ಸಮ ಕಾಣುತ್ತದೆ. ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್‌ನವರು ಇದಕ್ಕೆ ಪೇಟೆಂಟ್ ಪಡೆದಿದ್ದು 1897ರಲ್ಲಿ. ಇವತ್ತಿಗೂ ಒಳ್ಳೆಯ ಸ್ಟೀಲ್ ಫ್ರೇಮ್ ಎಂದರೆ ಇದೇ ಉಪಾಯ.

ನಾನು ಧಾರವಾಡದವನು. ಪುಣೆಗೆ ಬಂದು ಹದಿನಾಲ್ಕು ವರ್ಷ, ಮನೆ ಕೋಥ್ರೂಡ್‌ನಲ್ಲಿ. ಇಷ್ಟರಲ್ಲಿ ಮೂರು ಸ್ಟೀಲ್ ಬೈಕ್, ಅಂದರೆ ರೋಡ್ ಸೈಕಲ್, ಕಟ್ಟಿಕೊಂಡಿದ್ದೇನೆ. ಮೊದಲನೆಯದು ಪೂರ್ತಿ ತಪ್ಪು, ಎರಡನೆಯದು ಅರ್ಧ ತಪ್ಪು. ಈಗ ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕವರೂ, ಭಾನುವಾರ ಸಿಂಹಗಡದ ಬುಡದಲ್ಲಿ ಚಹಾ ಕುಡಿಯುವಾಗ ಸಿಕ್ಕವರೂ ಕೇಳುವುದು ಒಂದೇ ಪ್ರಶ್ನೆ: "ಯಾವ ಟ್ಯೂಬ್ ತಗೊಳ್ಳಲಿ? 725 ಸಾಕಾ, 853 ಬೇಕಾ?" ಇವು ರೆನಾಲ್ಡ್ಸ್ ಫ್ರೇಮ್ ಪೈಪಿನ ನಂಬರುಗಳು, ಫ್ರೇಮಿನ ಸ್ಟಿಕರ್ ಮೇಲೆ ಬರೆದಿರುವುದು. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೆ ಮುಂಚೆ ತೀರ್ಮಾನವಾಗಬೇಕಾದ ವಿಷಯಗಳು ಬಹಳ ಇವೆ. ನಾನು ಹಣ ಕಳೆದುಕೊಂಡು ಕಲಿತ ಅನುಕ್ರಮದಲ್ಲೇ ಹೇಳುತ್ತೇನೆ.

ಮೊದಲ ಹೆಜ್ಜೆ: ಟೈರ್ ತೀರ್ಮಾನ ಮಾಡಿ

ಫ್ರೇಮಿನ ಸಹವಾಸಕ್ಕೆ ಹೋಗುವ ಮುಂಚೆ ಯಾವ ಅಗಲದ ಟೈರ್ ಹಾಕುತ್ತೀರಿ ಎಂದು ನಿಕ್ಕಿ ಮಾಡಿಕೊಳ್ಳಿ. ಸೀಟ್, ಹ್ಯಾಂಡಲ್, ಗೇರ್ ಎಲ್ಲವನ್ನೂ ನಾಳೆ ಬದಲಾಯಿಸಬಹುದು. ಹಿಂದಿನ ಚಕ್ರ ಹಿಡಿಯುವ ಫ್ರೇಮಿನ ಎರಡು ಕಾಲುಗಳ ನಡುವಿನ ಜಾಗವನ್ನು ಬದಲಾಯಿಸಲು ಆಗುವುದಿಲ್ಲ.

ಪುಣೆಯ ಸುತ್ತ ಓಡಿಸುವವರಿಗೆ ನನ್ನ ಲೆಕ್ಕ ಹೀಗೆ. 25 ಮಿಮೀ ಟೈರಿನ ಕಾಲ ಮುಗಿಯಿತು. 28 ಕನಿಷ್ಠ, 32 ಸುಖ. ಖಡಕ್‌ವಾಸ್ಲಾ ದಾಟಿ ಸಿಂಹಗಡದ ಕಡೆ ಹೋಗುವಾಗ, ಬೋಪ್‌ದೇವ್ ಘಾಟ್ ಇಳಿಯುವಾಗ, ಜುಲೈನಲ್ಲಿ ಮುಳಶಿ ದಾಟಿ ತಾಮ್ಹಿಣಿ ಘಾಟಿಗೆ ಹೋಗುವಾಗ ಇದು ಗೊತ್ತಾಗುತ್ತದೆ. ಅಲ್ಲಿ ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಮುಂದಿನ ಚಕ್ರ ಬಿದ್ದ ಮೇಲೇ ತಿಳಿಯೋದು. ಸ್ಟೀಲ್ ಮೆತ್ತಗೆ ಓಡುತ್ತದೆ ಎನ್ನುತ್ತಾರಲ್ಲ, ಆ ಮೆತ್ತನೆಯ ಮುಕ್ಕಾಲು ಪಾಲು ಬರುವುದು ಟೈರಿನ ಗಾಳಿಯಿಂದ. ತೆಳು ಟೈರಿಗೆ ಗಟ್ಟಿ ಗಾಳಿ ತುಂಬಿ, ಫ್ರೇಮ್ ಎಷ್ಟೇ ದುಬಾರಿಯದ್ದು ತಂದರೂ ಸೊಂಟ ಕೇಳುವುದಿಲ್ಲ.

ಟೈರಿನ ಎರಡೂ ಬದಿಗೆ, ಮೇಲೆ, ಕಡಿಮೆ ಎಂದರೆ 4 ಮಿಮೀ ಜಾಗ ಬಿಡಿ. ಕೆಸರಿನಲ್ಲಿ ಓಡಿಸುವವರು 6 ಬಿಡಿ. ಇನ್ನೊಂದು ಎಚ್ಚರ. ಟೈರಿನ ಮೇಲೆ 28 ಎಂದು ಬರೆದಿದ್ದರೂ ಅಗಲದ ರಿಮ್ಮಿಗೆ ಹಾಕಿದರೆ ಅದು 30 ಆಗುತ್ತದೆ. ಮಾರುವವರು 'ಇದಕ್ಕೆ 32 ಹಿಡಿಯುತ್ತೆ' ಎಂದರೆ ಯಾವ ರಿಮ್ ಮೇಲೆ, ಮಡ್‌ಗಾರ್ಡ್ ಸಮೇತವೋ ಇಲ್ಲದೆಯೋ ಎಂದು ಕೇಳಿ.

ಟೈರ್ ಗೊತ್ತಾದರೆ ಬ್ರೇಕ್ ತಾನಾಗಿಯೇ ಗೊತ್ತಾಗುತ್ತದೆ. ರಿಮ್ ಬ್ರೇಕಿನಲ್ಲಿ ಎರಡು ಅಳತೆ. 39ರಿಂದ 49 ಮಿಮೀ ತಲುಪುವ ಗಿಡ್ಡ ಕ್ಯಾಲಿಪರ್ (ರಿಮ್ಮನ್ನು ಕಚ್ಚುವ ಬ್ರೇಕಿನ ತೋಳು), 47ರಿಂದ 57 ಮಿಮೀ ತಲುಪುವ ಮಧ್ಯಮ ಕ್ಯಾಲಿಪರ್. ಬ್ರೇಕ್ ಬೋಲ್ಟಿನ ತೂತಿನ ನಡುವಿನಿಂದ ರಿಮ್ಮಿನ ಮೇಲೆ ರಬ್ಬರ್ ಕಚ್ಚುವ ಜಾಗದ ನಡುವಿನ ತನಕ ಅಳೆದರೆ ಯಾವುದು ಬೇಕು ಎಂದು ತಿಳಿಯುತ್ತದೆ. ಗಿಡ್ಡದರಲ್ಲಿ 28 ಟೈರ್ ಕೂತರೆ ನಿಮ್ಮ ಪುಣ್ಯ, ಮಡ್‌ಗಾರ್ಡ್ ಮರೆತುಬಿಡಿ. ಮಧ್ಯಮದರಲ್ಲಿ 28ರ ಜೊತೆ ಮಡ್‌ಗಾರ್ಡ್ ಹಾಕಬಹುದು, ಇಲ್ಲವೇ ಮಡ್‌ಗಾರ್ಡ್ ಬಿಟ್ಟು 32 ಹಾಕಬಹುದು. ಅದಕ್ಕಿಂತ ಅಗಲ ಬೇಕಾದರೆ ಡಿಸ್ಕ್.

ಹೊಸ ಫ್ರೇಮ್ ತೆಗೆದುಕೊಳ್ಳುವವರಿಗೆ ನಾನು ಡಿಸ್ಕ್ ಎಂದೇ ಹೇಳುತ್ತೇನೆ. ಮಳೆಗಾಲದಲ್ಲಿ ಘಾಟ್ ಇಳಿದು ಬಂದು ರಿಮ್ ಒರೆಸಿ ನೋಡಿ. ಬಟ್ಟೆಗೆ ಅಂಟುವ ಕಪ್ಪು ರಾಡಿ ನಿಮ್ಮ ರಿಮ್ಮೇ. ಜೊತೆಗೆ ಬಿಡಿಭಾಗಗಳ ದಾರಿಯೂ ಆ ಕಡೆಗೇ ಹೊರಟಿದೆ. ಶಿಮಾನೊ 105 ಹನ್ನೆರಡು ಸ್ಪೀಡಿಗೆ ಬಂದಾಗ ಡಿಸ್ಕಿಗೆ ಮಾತ್ರ ಬಂತು. ಡಿಸ್ಕಿಗೂ ಒಂದು ಬೆಲೆ ಇದೆ, ಮುಚ್ಚಿಡುವುದಿಲ್ಲ. ಬ್ರೇಕಿನ ಎಳೆತ ತಡೆಯಲು ಮುಂದಿನ ಚಕ್ರ ಹಿಡಿಯುವ ಸ್ಟೀಲ್ ಫೋರ್ಕಿನ ಕಾಲನ್ನು ದಪ್ಪ ಮಾಡಬೇಕು. ಹಳೆಯ ತೆಳು ಫೋರ್ಕಿನ ಕುಣಿಯುವ ಗುಣ ಅಲ್ಲಿಗೆ ಹೋಯಿತು. ಪೈಪುಗಳನ್ನು ಲಗ್ ಎಂಬ ಲೋಹದ ತೋಳಿನೊಳಗೆ ಕೂರಿಸಿ ಬೆಸೆದ ಹಳೆಯ ಲಗ್ ಫ್ರೇಮಿನ ಮೇಲೆ ಮನಸ್ಸಿದ್ದರೆ ರಿಮ್ ಬ್ರೇಕಿನಲ್ಲೇ ಇರಿ. ಅದಕ್ಕೆ ಡಿಸ್ಕ್ ಮೌಂಟ್ ಬೆಸೆಯಲು ಹೋಗಬೇಡಿ. ಆ ಕಾಲುಗಳನ್ನು ಅದಕ್ಕಾಗಿ ಮಾಡಿಲ್ಲ.

ಎರಡನೆಯದು: ಮೈ ಅಳತೆ

54, 56 ಎಂಬ ಸೈಜನ್ನು ನಂಬಬೇಡಿ. ಒಬ್ಬರು ಸೀಟ್ ಟ್ಯೂಬನ್ನು ನಡುವಿನಿಂದ ನಡುವಿಗೆ ಅಳೆಯುತ್ತಾರೆ, ಇನ್ನೊಬ್ಬರು ನಡುವಿನಿಂದ ತುದಿಗೆ. ಟಾಪ್ ಟ್ಯೂಬ್ ಓರೆಯಾಗಿದ್ದರೆ ಆ ನಂಬರಿಗೆ ಅರ್ಥವೇ ಇಲ್ಲ. ನಿಮಗೆ ಬೇಕಾದದ್ದು ಎರಡು ಅಳತೆ: ಸ್ಟ್ಯಾಕ್, ರೀಚ್. ಬಿಬಿ ಎಂದರೆ ಬಾಟಮ್ ಬ್ರಾಕೆಟ್, ಪೆಡಲ್ ತಿರುಗುವ ಬೇರಿಂಗಿನ ಜಾಗ. ಹೆಡ್ ಟ್ಯೂಬ್ ಎಂದರೆ ಹ್ಯಾಂಡಲ್ ಕೆಳಗೆ ಫೋರ್ಕ್ ತೂರುವ ಗಿಡ್ಡ ಪೈಪು. ಬಿಬಿಯ ನಡುವಿನಿಂದ ಹೆಡ್ ಟ್ಯೂಬಿನ ಮೇಲ್ತುದಿ ಎಷ್ಟು ಎತ್ತರದಲ್ಲಿದೆ ಎನ್ನುವುದು ಸ್ಟ್ಯಾಕ್. ಎಷ್ಟು ಮುಂದಿದೆ ಎನ್ನುವುದು ರೀಚ್.

ಇದನ್ನು ಮನೆಯಲ್ಲೇ ಅಳೆಯಬಹುದು. ಈಗ ನೀವು ಓಡಿಸುವ, ಮೈಗೆ ಒಗ್ಗಿದ ಬೈಕನ್ನು ತೆಗೆದುಕೊಳ್ಳಿ. ಟೈಲ್ಸ್ ಹಾಕಿದ ಸಮತಟ್ಟಾದ ಜಾಗದಲ್ಲಿ ಹಿಂದಿನ ಟೈರನ್ನು ಗೋಡೆಗೆ ತಾಗಿಸಿ ನೇರ ನಿಲ್ಲಿಸಿ. ನೆಲದಿಂದ ಬಿಬಿಯ ನಡುವಿಗೆ ಎಷ್ಟು, ನೆಲದಿಂದ ಹೆಡ್ ಟ್ಯೂಬಿನ ತುದಿಗೆ ಎಷ್ಟು ನೋಡಿ. ಕಳೆದರೆ ಸ್ಟ್ಯಾಕ್. ಗೋಡೆಯಿಂದ ಬಿಬಿಗೆ ಎಷ್ಟು, ಗೋಡೆಯಿಂದ ಹೆಡ್ ಟ್ಯೂಬಿನ ತುದಿಯ ನಡುವಿಗೆ ಎಷ್ಟು ನೋಡಿ. ಕಳೆದರೆ ರೀಚ್. ತೂಗುಗುಂಡಿಗೆ ನಾನು ದಾರದ ತುದಿಗೆ ನಟ್ ಕಟ್ಟಿದ್ದೆ. ನಮ್ಮ ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಟೇಪ್ ಹಿಡಿದು ಕೂತಾಗ ಎದುರು ಮನೆಯ ಅಜ್ಜಿ ಬಾಗಿಲಲ್ಲಿ ನಿಂತು, ಸೈಕಲ್ಲಿಗೆ ಬ್ಲೌಸ್ ಹೊಲಿಸ್ತೀಯಾ ಎಂದು ಮರಾಠಿಯಲ್ಲಿ ಕೇಳಿದರು. ಹೌದು ಆಜ್ಜೀ, ಹೆಚ್ಚು ಕಡಿಮೆ ಅದೇ ಎಂದೆ.

ಸೀಟಿನ ಎತ್ತರಕ್ಕೆ ಹಳೆಯ ಸೂತ್ರವೊಂದಿದೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಪುಸ್ತಕವೊಂದನ್ನು ತೊಡೆಯ ನಡುವೆ ಮೇಲಕ್ಕೆ ಒತ್ತಿ, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. ನನ್ನದು 82 ಸೆಂಮೀ, ಹಾಗಾಗಿ ಬಿಬಿಯಿಂದ ಸೀಟಿನ ಮೇಲ್ಭಾಗಕ್ಕೆ 72.4. ಇದು ಶುರು ಮಾಡಲು ಸಾಕು. ಆಮೇಲೆ ಮಂಡಿ ಹೇಳಿದಂತೆ ಕೇಳಿ.

ಸ್ಟ್ಯಾಕ್ ಕಡಿಮೆ ಇರುವ ಫ್ರೇಮ್ ನೋಡಲು ಚೆಂದ. ಆದರೆ ಹತ್ತು ಗಂಟೆ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಬೆನ್ನಿಗೆ ಅದು ಹೊಂದುವುದಿಲ್ಲ. ಕಡಿಮೆ ಸ್ಟ್ಯಾಕ್ ತಂದು ಹ್ಯಾಂಡಲ್ ಎತ್ತರಿಸಲು ಕೆಳಗೆ ಸ್ಪೇಸರ್ ಬಳೆ ಪೇರಿಸುವವರನ್ನು ಬಹಳ ನೋಡಿದ್ದೇನೆ, ನಾನೂ ಮಾಡಿದ್ದೇನೆ. ಫೋರ್ಕಿನ ಸ್ಟೀರರ್, ಅಂದರೆ ಹೆಡ್ ಟ್ಯೂಬಿನೊಳಗೆ ತೂರುವ ಕೊಳವೆ, ಕಾರ್ಬನ್ನಿನದಾಗಿದ್ದರೆ ಎಷ್ಟು ಸ್ಪೇಸರ್ ಹಾಕಬಹುದು ಎಂಬುದಕ್ಕೆ ಫೋರ್ಕ್ ಕಂಪನಿ ಮಿತಿ ಹಾಕಿರುತ್ತದೆ. ಅದನ್ನು ಮೊದಲೇ ಓದಿಕೊಳ್ಳಿ. 200 ಕಿಮೀ ಬ್ರೆವೆಗೆ (ಗೊತ್ತು ಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಹದಿಮೂರೂವರೆ ಗಂಟೆ ಸಮಯ ಕೊಡುತ್ತಾರೆ. ಕೊನೆಯ ನಾಲ್ಕು ಗಂಟೆಯಲ್ಲಿ ಕುತ್ತಿಗೆ ಎಲ್ಲಿರುತ್ತದೆ ಎಂದು ಯೋಚಿಸಿ ಸ್ಟ್ಯಾಕ್ ಆರಿಸಿ.

ಹ್ಯಾಂಡಲ್ ಹೇಗೆ ತಿರುಗುತ್ತದೆ ಎಂಬುದಕ್ಕೆ ಟ್ರೇಲ್ ನೋಡಿ. ಹೆಡ್ ಟ್ಯೂಬಿನ ಗೆರೆಯನ್ನು ನೆಲದ ತನಕ ಎಳೆದರೆ ಅದು ತಾಗುವ ಜಾಗಕ್ಕಿಂತ ಟೈರ್ ನೆಲ ಮುಟ್ಟುವ ಜಾಗ ಎಷ್ಟು ಹಿಂದಿದೆ ಎನ್ನುವುದೇ ಟ್ರೇಲ್. ಹೆಡ್ ಟ್ಯೂಬಿನ ಓರೆ, ಫೋರ್ಕಿನ ಬಾಗು ಎರಡೂ ಸೇರಿ ಇದು ಬರುತ್ತದೆ. 28 ಟೈರ್, 45 ಮಿಮೀ ಬಾಗಿನ ಫೋರ್ಕ್ ಇಟ್ಟುಕೊಳ್ಳಿ. ಹೆಡ್ ಟ್ಯೂಬ್ 73 ಡಿಗ್ರಿ ಇದ್ದರೆ ಟ್ರೇಲ್ ಸುಮಾರು 57 ಮಿಮೀ. 72 ಮಾಡಿದರೆ ಸುಮಾರು 63. ಒಂದೇ ಡಿಗ್ರಿಗೆ ಆರು ಮಿಮೀ! 57ರ ಆಸುಪಾಸಿನದು ಚುರುಕು, 63ರದು ಸಮಾಧಾನಿ. ಬೆಂಗಳೂರು ಹೆದ್ದಾರಿಯಲ್ಲಿ ಲಾರಿಗಳ ಗಾಳಿ ತಿನ್ನುತ್ತ ಸಾತಾರಾ ಕಡೆ ಹೋಗುವವರಿಗೆ ಸಮಾಧಾನಿಯೇ ಇರಲಿ.

ಎತ್ತರ ಕಡಿಮೆ ಇರುವವರು ಒಂದು ವಿಷಯ ಕೇಳಲೇಬೇಕು. ಮುಂದಿನ ಚಕ್ರ ತಿರುಗಿಸಿದಾಗ ಕಾಲ್ಬೆರಳು ಟೈರಿಗೆ ತಾಗುತ್ತದೆಯೇ? ನನ್ನ ತಂಗಿ 158 ಸೆಂಮೀ. ಅವಳ ಮೊದಲ ಬೈಕಿನಲ್ಲಿ ಕರ್ವೆ ರೋಡ್ ಸಿಗ್ನಲ್ ಹತ್ತಿರ ಯು ಟರ್ನ್ ತೆಗೆದುಕೊಳ್ಳುವಾಗ ಶೂ ಸಿಕ್ಕಿಕೊಂಡು ಬಿದ್ದಳು. ಅವಳಿಗೆ ಆಮೇಲೆ 650ಬಿ ಎಂಬ ಚಿಕ್ಕ ಚಕ್ರದ ಫ್ರೇಮ್ ಹುಡುಕಿದೆವು. ಅಂಥ ಮೈಗೇ ಕಸ್ಟಮ್ ಫ್ರೇಮಿನ ನಿಜವಾದ ಅಗತ್ಯ ಇರುವುದು. ಐದು ಅಡಿ ಎಂಟು ಇಂಚಿನವರಿಗೆ ಅಂಗಡಿಯ ಸೈಜೇ ಸಾಮಾನ್ಯವಾಗಿ ಹೊಂದುತ್ತದೆ.

ಮೂರನೆಯದು: ತೂತು, ಮರೆ, ಅಗಲ

ನನ್ನ ಮೊದಲ ತಪ್ಪಿನ ಕತೆ ಇದು. ಒಂದು ಭಾನುವಾರ ಜೂನಾ ಬಜಾರಿನಲ್ಲಿ, ಹಳೆ ಬೀಗ ಮತ್ತು ರೇಡಿಯೊಗಳ ನಡುವೆ, ಕೆಂಪು ಬಣ್ಣದ ಲಗ್ ಫ್ರೇಮ್ ಮಲಗಿತ್ತು. ಇಟಲಿಯ ಕೊಲಂಬಸ್ ಪೈಪಿನ ಸ್ಟಿಕರ್ ಅರ್ಧ ಹರಿದಿತ್ತು. ಎತ್ತಿದರೆ ಹಗುರ. ನನಗೆ ಎದೆ ಡವಡವ. ಚೌಕಾಸಿಯನ್ನೂ ಸರಿಯಾಗಿ ಮಾಡದೆ ಹೆಗಲ ಮೇಲೆ ಹಾಕಿಕೊಂಡು ಬಂದೆ.

ಬಿಬಿ ಕೂರಿಸಲು ಒಂದು ಅಂಗಡಿಗೆ ಕೊಟ್ಟೆ. ಅದು ಕೂರುವ ಗೂಡಿಗೆ ಶೆಲ್ ಎನ್ನುತ್ತಾರೆ, ಒಳಗೆ ಮರೆ (ಸ್ಕ್ರೂವಿನ ಥ್ರೆಡ್) ಇರುತ್ತದೆ. ರೋಡ್ ಬೈಕಿನಲ್ಲಿ ಮಾಮೂಲಿಯಾಗಿ ಬರುವುದು ಬಿಎಸ್‌ಎ ಮರೆ. 1.37 ಇಂಚು ವ್ಯಾಸ, ಇಂಚಿಗೆ 24 ಮರೆ, ಶೆಲ್ 68 ಮಿಮೀ ಅಗಲ, ಚೈನ್ ಕಡೆಯ ಕಪ್ ಉಲ್ಟಾ ತಿರುಗುತ್ತದೆ. ನನ್ನದು ಇಟಾಲಿಯನ್ ಮರೆ. 36 ಮಿಮೀ ವ್ಯಾಸ, 70 ಮಿಮೀ ಅಗಲ, ಎರಡೂ ಕಡೆ ಸೀದಾ ತಿರುಗುತ್ತದೆ. ಅಂಗಡಿಯ ಹುಡುಗ ಬಿಎಸ್‌ಎ ಕಪ್ಪನ್ನು ತೂರಿಸಿದ. ಅದು ಸಡಿಲ ಅಂತ ಥ್ರೆಡ್ ಟೇಪ್ ಸುತ್ತಿ, ಉದ್ದದ ಪಾನಾ ಹಾಕಿ, ಓರೆಯಾಗಿ ಬಿಗಿದ. ಸಂಜೆ ನೋಡಿದರೆ ಒಳಗಿನ ಮರೆಯ ಅರ್ಧ ಸುತ್ತು ಚೂರುಚೂರಾಗಿ ಕೆಳಗೆ ಉದುರಿತ್ತು. ಹುಡುಗನದ್ದು ತಪ್ಪು, ಹೌದು. ಆದರೆ ವರ್ನಿಯರ್ ಹಿಡಿದು 68 ಅಥವಾ 70 ಎಂದು ನೋಡುವುದು ನನಗೆ ಹತ್ತು ಸೆಕೆಂಡಿನ ಕೆಲಸವಾಗಿತ್ತು.

ಆದ್ದರಿಂದ ವರ್ನಿಯರ್ ತಗೊಳ್ಳಿ. ಸುಮ್ನೆ ಡಿಜಿಟಲ್‌ನ ಅಗ್ಗದ್ದೇ ಸಾಕು. ಈ ಜಾಗಗಳನ್ನು ಅಳೆದು ಬರೆದುಕೊಳ್ಳಿ.

ಬಿಬಿ ಶೆಲ್: 68 ಆದರೆ ಬಿಎಸ್‌ಎ ಇರಬಹುದು, 70 ಆದರೆ ಇಟಾಲಿಯನ್. ಹಳೆಯ ಕಪ್ ಇದ್ದರೆ ಅದರ ಮುಖದ ಮೇಲೆ ಅಳತೆ ಕೊರೆದಿರುತ್ತಾರೆ. ಹೊಸ ಫ್ರೇಮಿನಲ್ಲಿ ಮರೆ ಇರುವ ಶೆಲ್ಲನ್ನೇ ಆರಿಸಿ. ಒತ್ತಿ ಕೂರಿಸುವ ಬೇರಿಂಗ್ ಸ್ಟೀಲ್ ಫ್ರೇಮಿನಲ್ಲಿ ಯಾಕೆ ಬೇಕು?

ಹಿಂದಿನ ಡ್ರಾಪ್‌ಔಟ್ (ಚಕ್ರದ ಆಕ್ಸಲ್ ಕೂರುವ ಸೀಳು) ನಡುವಿನ ಅಗಲ: 120 ಎಂದರೆ ಬಹಳ ಹಳೆಯದು, 126 ಎಂದರೆ ಆರು ಏಳು ಸ್ಪೀಡಿನ ಕಾಲದ್ದು, 130 ಎಂದರೆ ಎಂಟರಿಂದ ಹನ್ನೊಂದರ ರಿಮ್ ಬ್ರೇಕಿನದು. ಡಿಸ್ಕಿನಲ್ಲಿ 135 ಅಥವಾ 12 ಮಿಮೀ ಆಕ್ಸಲ್ಲಿನ 142. ಸ್ಟೀಲಿನ ದೊಡ್ಡ ಗುಣ ಇಲ್ಲಿದೆ. 126ರದನ್ನು ನಿಧಾನವಾಗಿ ಬಗ್ಗಿಸಿ 130 ಮಾಡಬಹುದು. ಅಲ್ಯೂಮಿನಿಯಮ್ಮಿಗೆ, ಕಾರ್ಬನ್ನಿಗೆ ಇದನ್ನು ಕನಸಿನಲ್ಲೂ ಮಾಡಬೇಡಿ. ಬಗ್ಗಿಸಿದ ಮೇಲೆ ಡ್ರಾಪ್‌ಔಟುಗಳು ಮತ್ತೆ ಒಂದಕ್ಕೊಂದು ಸಮಾನಾಂತರ ಆಗಬೇಕು, ಇಲ್ಲದಿದ್ದರೆ ಆಕ್ಸಲ್ ಮುರಿಯಬಹುದು.

ಹೆಡ್ ಟ್ಯೂಬ್ ಮತ್ತು ಫೋರ್ಕ್, ಇಲ್ಲಿನ ಅಂಗಡಿಗಳಲ್ಲಿ ಚಿಮಟಾ: ಹಳೆಯದರಲ್ಲಿ ಮರೆ ಇರುವ 1 ಇಂಚಿನ ಸ್ಟೀರರ್. ಆಮೇಲೆ ಬಂದದ್ದು 1 1/8 ಇಂಚಿನದು, ಅಂದರೆ 28.6 ಮಿಮೀ, ಮರೆ ಇಲ್ಲದ್ದು. ಈಗಿನದು ಕೆಳಗೆ ಅಗಲವಾಗುವ ಟೇಪರ್. ಹೆಡ್ ಟ್ಯೂಬಿನ ಒಳವ್ಯಾಸ 44 ಮಿಮೀ ಇದ್ದರೆ ಸರಿಯಾದ ಹೆಡ್‌ಸೆಟ್ ಹಾಕಿ ನೇರದ್ದು, ಟೇಪರ್ ಎರಡನ್ನೂ ಹಾಕಬಹುದು. ನನಗೆ ಅದು ಇಷ್ಟ. 1 ಇಂಚಿಗೆ ಒಳ್ಳೆಯ ಫೋರ್ಕ್ ಈಗ ಸಿಗುವುದು ಕಷ್ಟ. ಬೇರೆ ಫೋರ್ಕ್ ಹಾಕುವಾಗ ಅದರ ಉದ್ದವನ್ನೂ ನೋಡಿ. 20 ಮಿಮೀ ಉದ್ದ ಜಾಸ್ತಿಯಾದರೆ ಹೆಡ್ ಟ್ಯೂಬ್ ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲುತ್ತದೆ. ಮೇಲೆ ಹೇಳಿದ ಟ್ರೇಲ್ ಲೆಕ್ಕವೆಲ್ಲ ಬದಲು.

ಸೀಟ್‌ಪೋಸ್ಟ್: ಇದು ಪತ್ತೇದಾರಿ ಅಳತೆ. ಹಳೆಯ ರೋಡ್ ಫ್ರೇಮಿನಲ್ಲಿ 27.2 ಮಿಮೀ ಪೋಸ್ಟ್ ಕೂರುತ್ತದೆ ಎಂದರೆ ಸೀಟ್ ಟ್ಯೂಬ್ ತೆಳು, ಅಂದರೆ ಒಳ್ಳೆಯ ಪೈಪು. 26ರ ಕೆಳಗೆ ಇಳಿದರೆ ಪೈಪಿನ ಗೋಡೆ ದಪ್ಪ, ಸಾದಾ ಕಬ್ಬಿಣ. ಸ್ಟಿಕರ್ ಏನೇ ಹೇಳಲಿ. ಸ್ಟಿಕರನ್ನು ಯಾರು ಬೇಕಾದರೂ ಅಂಟಿಸಬಹುದು.

ನಾಲ್ಕನೆಯದು: ಈಗ ಟ್ಯೂಬಿನ ಮಾತು

ಒಂದು ಮಾತು ಹೇಳಿದರೆ ಬಹಳ ಜನ ನಂಬುವುದಿಲ್ಲ. 853 ಆಗಲಿ, ಮನೆಯ ಗೇಟಿನ ಕಬ್ಬಿಣವಾಗಲಿ, ಒಂದೇ ಅಳತೆಯ ಪೈಪ್ ಮಾಡಿದರೆ ತೂಕವೂ ಒಂದೇ, ಬಿಗಿಯೂ ಒಂದೇ. ಉಕ್ಕು ಯಾವುದೇ ಇರಲಿ, ಬಗ್ಗುವ ಗುಣ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಬದಲಾಗುವುದು ಶಕ್ತಿ, ಅಂದರೆ ಎಷ್ಟು ಒತ್ತಡಕ್ಕೆ ಅದು ಸೊಟ್ಟಗಾಗಿ ಹಾಗೇ ಉಳಿಯುತ್ತದೆ ಎನ್ನುವುದು. ಶಕ್ತಿ ಜಾಸ್ತಿ ಇದ್ದರೆ ಗೋಡೆಯನ್ನು ತೆಳು ಮಾಡಬಹುದು. ದುಬಾರಿ ಉಕ್ಕಿನ ಪ್ರಯೋಜನ ಅಷ್ಟೇ.

ಲೆಕ್ಕ ಹಾಕಿ ನೋಡಿ. 31.8 ಮಿಮೀ ವ್ಯಾಸದ, 620 ಮಿಮೀ ಉದ್ದದ ಡೌನ್ ಟ್ಯೂಬ್, ಅಂದರೆ ಹೆಡ್ ಟ್ಯೂಬಿನಿಂದ ಬಿಬಿಗೆ ಇಳಿಯುವ ಪೈಪು. ಪೂರ್ತಿ 0.9 ಮಿಮೀ ಗೋಡೆ ಇದ್ದರೆ ತೂಕ ಸುಮಾರು 425 ಗ್ರಾಂ. ತುದಿಗಳಲ್ಲಿ ಒಟ್ಟು 200 ಮಿಮೀ ಉದ್ದಕ್ಕೆ 0.8, ಉಳಿದದ್ದು 0.5 ಆದರೆ ಸುಮಾರು 285. ಒಂದೇ ಪೈಪಿನಲ್ಲಿ 140 ಗ್ರಾಂ ಹೋಯಿತು. ಒಳ್ಳೆಯ ಸ್ಟೀಲ್ ಫ್ರೇಮ್ 1.8ರಿಂದ 2.2 ಕೆಜಿಗೆ ಬರುವುದು ಹೀಗೆ.

ಬಿಗಿ ಬೇಕೆಂದರೆ ವ್ಯಾಸ ನೋಡಿ. ಗೋಡೆ ಅಷ್ಟೇ ಇಟ್ಟು ವ್ಯಾಸವನ್ನು 28.6ರಿಂದ 31.8ಕ್ಕೆ ಏರಿಸಿದರೆ ಪೈಪು ಮೂರನೇ ಒಂದು ಪಾಲಿಗಿಂತ ಜಾಸ್ತಿ ಬಿಗಿಯಾಗುತ್ತದೆ. ಹಳೆಯ ಫ್ರೇಮುಗಳಲ್ಲಿ ಟಾಪ್ ಟ್ಯೂಬ್ 25.4, ಡೌನ್ ಟ್ಯೂಬ್ 28.6. ಅರವತ್ತು ಕೆಜಿಯವರಿಗೆ ಅದು ಬಹಳ ಸೊಗಸು, ಕೆಳಗೆ ಜೀವ ಇದ್ದಂತೆ ಇರುತ್ತದೆ. ತೊಂಬತ್ತು ಕೆಜಿಯವರು ಎದ್ದು ನಿಂತು ತುಳಿದರೆ ಮುಂದಿನ ಭಾಗ ಹಗ್ಗದಂತೆ ಹೊಸೆಯುತ್ತದೆ. ಅಂಥವರು ದಪ್ಪ ವ್ಯಾಸದ್ದೇ ತೆಗೆದುಕೊಳ್ಳಿ. ಹಾಗಾಗಿ ಟ್ಯೂಬಿನ ಹೆಸರು ಕೇಳಬೇಡಿ, ವ್ಯಾಸ ಎಷ್ಟು, ಗೋಡೆ ಎಷ್ಟು ಎಂದು ಕೇಳಿ. ಫ್ರೇಮ್ ಕಟ್ಟುವವರಿಗೆ ಅದು ಗೊತ್ತಿರಲೇಬೇಕು. ಗೊತ್ತಿಲ್ಲದವರು ಮಾರುವವರು ಮಾತ್ರ.

ಹೆಸರುಗಳ ಪರಿಚಯ ಬೇಗ ಮುಗಿಸುತ್ತೇನೆ. 4130 ಎಂಬುದು ಕ್ರೋಮೋಲಿ. ಶೇಕಡ 1ರಷ್ಟು ಕ್ರೋಮಿಯಂ, ಒಂಚೂರು ಮಾಲಿಬ್ಡಿನಂ ಬೆರೆತ ಉಕ್ಕು. ರೆನಾಲ್ಡ್ಸ್ 520, 525 ಈ ಮನೆತನದವೇ. 725 ಅದನ್ನೇ ಬಿಸಿ ಮಾಡಿ ಹದ ಮಾಡಿದ್ದು. 531 ಬಂದಿದ್ದು 1935ರಲ್ಲಿ. ಅದು ಮ್ಯಾಂಗನೀಸ್ ಮಾಲಿಬ್ಡಿನಂ ಉಕ್ಕು, ಲಗ್ಗಿಗೆ ಹೇಳಿ ಮಾಡಿಸಿದ್ದು, ಟಿಗ್ ವೆಲ್ಡಿಂಗಿಗೆ ಒಗ್ಗದ್ದು. 853ರ ವಿಶೇಷ ಬೇರೆ. ವೆಲ್ಡ್ ಮಾಡಿದ ಜಾಗ ಸಾಮಾನ್ಯವಾಗಿ ಸೋಲುತ್ತದೆ, ಇದು ಗಾಳಿಯಲ್ಲಿ ಆರುತ್ತ ಇನ್ನೂ ಗಟ್ಟಿಯಾಗುತ್ತದೆ. 631 ಅದರ ಹದ ಮಾಡದ ತಮ್ಮ. ಕೊಲಂಬಸ್ ಮಿಲಾನಿನದು, 1919ರಲ್ಲಿ ಶುರುವಾದದ್ದು. ಈಗ ಜೋನಾ, ಸ್ಪಿರಿಟ್, ಲೈಫ್ ಎಂಬ ಹೆಸರುಗಳು ಕಾಣುತ್ತವೆ. ಜಪಾನಿನ ಟ್ಯಾಂಗೆ ಪ್ರೆಸ್ಟೀಜ್ ಕೂಡ ಒಳ್ಳೆಯದೇ. 953 ಮತ್ತು ಕೊಲಂಬಸ್ ಎಕ್ಸ್‌ಸಿಆರ್ ಸ್ಟೇನ್‌ಲೆಸ್. ಸಮುದ್ರದ ಗಾಳಿ ಇರುವ ಮುಂಬಯಿ, ಗೋವಾದವರು ಅದರ ಕಡೆ ಆಸೆಗಣ್ಣಿಂದ ನೋಡುವುದು ಸಹಜ, ಬೆಲೆ ಕೇಳಿದ ಮೇಲೆ ತುಕ್ಕೇ ಇರಲಿ ಅನಿಸುವುದೂ ಸಹಜ.

ಹೈಟೆನ್ (ಅಗ್ಗದ ಸಾದಾ ಉಕ್ಕು) ಎಂದು ಬರೆದ ಫ್ರೇಮಿನ ಮೇಲೆ ಹಣ ಹಾಕಿ ಕಸ್ಟಮ್ ಬೈಕ್ ಕಟ್ಟಬೇಡಿ. ತರಕಾರಿ ತರಲು ಅದು ಚೆನ್ನಾಗಿದೆ.

ನನ್ನ ಅಭಿಪ್ರಾಯ ಕೇಳಿದರೆ, 725 ಅಥವಾ ಒಳ್ಳೆಯ ಬಟೆಡ್ 4130 ಬಹುಪಾಲು ಜನಕ್ಕೆ ಸಾಕು. ಅದಕ್ಕೂ 853ಕ್ಕೂ ಸಿಗುವ ವ್ಯತ್ಯಾಸ ಇನ್ನೂರು ಗ್ರಾಂ ಎಂದುಕೊಳ್ಳಿ. ಬೈಕು, ಮನುಷ್ಯ, ನೀರು ಸೇರಿ 80 ಕೆಜಿ. ಸಿಂಹಗಡ ಹತ್ತಲು ಒಂದು ಗಂಟೆ ಬೇಕಾದವರಿಗೆ ಅದರಿಂದ ಉಳಿಯುವುದು ಹತ್ತು ಸೆಕೆಂಡ್ ಕೂಡ ಇಲ್ಲ. ಮೇಲೆ ಹೋಗಿ ಪಿಠಲಾ ಭಾಕರಿಗೆ ಕಾಯುವ ಹೊತ್ತು ಅದಕ್ಕಿಂತ ಜಾಸ್ತಿ.

ಜೋಡಣೆಯ ಬಗ್ಗೆ ಎರಡು ಮಾತು

ಲಗ್, ಫಿಲೆಟ್ ಬ್ರೇಜಿಂಗ್, ಟಿಗ್. ಮೂರೂ ಸರಿಯಾಗಿ ಮಾಡಿದರೆ ಗಟ್ಟಿ. ಲಗ್ ನೋಡಲು ಚೆಂದ, ಮುಂದೆ ಪೈಪ್ ಬದಲಾಯಿಸಲು ಸುಲಭ, ಆದರೆ ಲಗ್ಗಿನ ಕೋನ ಮೊದಲೇ ಎರಕವಾಗಿರುವುದರಿಂದ ಮನಸ್ಸಿಗೆ ಬಂದ ಜ್ಯಾಮಿತಿ ಕೂರಿಸಲಾಗದು. ಪೈಪಿಗೆ ಪೈಪನ್ನು ನೇರ ವೆಲ್ಡ್ ಮಾಡುವ ಟಿಗ್ ಅಗ್ಗ, ಹಗುರ, ಯಾವ ಕೋನಕ್ಕೂ ಸೈ. ಫಿಲೆಟ್‌ನಲ್ಲಿ ಹಿತ್ತಾಳೆಯನ್ನು ಬೆಣ್ಣೆ ಹಚ್ಚಿದಂತೆ ಹರಿಸಿ ಅರದಿಂದ ಉಜ್ಜಿ ನಯ ಮಾಡುತ್ತಾರೆ. ಕೂಲಿ ಜಾಸ್ತಿ. ನಮ್ಮ ತಾತನ ಕಾಲದ ಕಪ್ಪು ಅಟ್ಲಾಸ್, ಹರ್ಕ್ಯುಲಿಸ್ ಸೈಕಲ್ಲುಗಳೂ ಲಗ್ಗಿನವೇ, ಅಲ್ವಾ? ಆದ್ದರಿಂದ ಲಗ್ ಇದ್ದ ಮಾತ್ರಕ್ಕೆ ಒಳ್ಳೆಯ ಫ್ರೇಮ್ ಎಂದು ಹಿಗ್ಗಬೇಡಿ.

ಹಳೆಯ ಫ್ರೇಮ್ ನೋಡಲು ಹೋದಾಗ

ಜೇಬಿನಲ್ಲಿ ವರ್ನಿಯರ್, ಮೂರು ಮೀಟರ್ ದಾರ, ಟಾರ್ಚ್, 5 ಮಿಮೀ ಆಲನ್ ಕೀ ಇರಲಿ. ಬೆಳಗಿನ ಬಿಸಿಲಿಗೆ ಹೋಗಿ.

ಮೊದಲು ಡೌನ್ ಟ್ಯೂಬಿನ ಕೆಳಮೈಯನ್ನು, ಹೆಡ್ ಟ್ಯೂಬಿನಿಂದ ಒಂದು ಗೇಣಿನ ತನಕ, ಬೆರಳಲ್ಲಿ ನಿಧಾನವಾಗಿ ಸವರಿ. ಕಣ್ಣಿಗೆ ಕಾಣದ ಸಣ್ಣ ಉಬ್ಬು ಬೆರಳಿಗೆ ಸಿಗುತ್ತದೆ. ಉಬ್ಬು ಇದ್ದರೆ ಬೈಕ್ ಎಲ್ಲೋ ಎದುರಿಗೆ ಗುದ್ದಿದೆ. ಬಿಟ್ಟು ಬನ್ನಿ. ಬೆಲೆ ಅರ್ಧ ಮಾಡಿದರೂ ಬಿಟ್ಟು ಬನ್ನಿ.

ಆಮೇಲೆ ದಾರ. ಒಂದು ತುದಿಯನ್ನು ಹಿಂದಿನ ಎಡ ಡ್ರಾಪ್‌ಔಟಿಗೆ ಕಟ್ಟಿ, ಹೆಡ್ ಟ್ಯೂಬ್ ಸುತ್ತಿಸಿ ಬಲ ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟಿ. ಸೀಟ್ ಟ್ಯೂಬಿನಿಂದ ಎರಡೂ ಬದಿಯ ದಾರಕ್ಕೆ ಎಷ್ಟು ದೂರ ಇದೆ ಅಳೆಯಿರಿ. ಒಂದೆರಡು ಮಿಮೀ ವ್ಯತ್ಯಾಸ ಸಾಮಾನ್ಯ. ನಾಲ್ಕೈದು ಆದರೆ ಹಿಂಭಾಗ ಸೊಟ್ಟ. ಸರಿ ಮಾಡಿಸಬಹುದು, ಬೆಲೆ ಇಳಿಸಿ.

ಮೂರನೆಯದಾಗಿ ಸೀಟ್‌ಪೋಸ್ಟ್. ಬೋಲ್ಟ್ ಸಡಿಲಿಸಿ ತಿರುಗಿಸಿ. ತಿರುಗದಿದ್ದರೆ ಅಲ್ಯೂಮಿನಿಯಮ್ ಪೋಸ್ಟ್ ಮತ್ತು ಸ್ಟೀಲ್ ಟ್ಯೂಬ್ ಒಳಗೆ ಒಂದಾಗಿಬಿಟ್ಟಿವೆ ಎಂದರ್ಥ. ಮಾರುವವರು 'ಸ್ವಲ್ಪ ಎಣ್ಣೆ ಬಿಟ್ಟರೆ ಬರುತ್ತೆ' ಎನ್ನುತ್ತಾರೆ. ನನ್ನ ಕೆಂಪು ಫ್ರೇಮಿನಲ್ಲಿ ಬರಲಿಲ್ಲ. ಮೂರು ದಿನ ಎಣ್ಣೆ ಬಿಟ್ಟೆ, ಕೊನೆಗೆ ಹ್ಯಾಕ್ಸಾ ಬ್ಲೇಡನ್ನು ಬರಿಗೈಯಲ್ಲಿ ಹಿಡಿದು ಒಳಗಿನಿಂದ ಉದ್ದಕ್ಕೆ ಕೊಯ್ದೆ. ಎರಡು ಭಾನುವಾರ, ಎರಡು ಬೆರಳಿಗೆ ಬ್ಯಾಂಡೇಜ್.

ಟಾರ್ಚ್ ಹಿಡಿದು ಬಿಬಿ ಶೆಲ್ ಒಳಗೆ ನೋಡಿ. ಕಂದು ಪುಡಿ ಇದ್ದರೆ ಪರವಾಗಿಲ್ಲ. ಚಕ್ಕೆ ಎದ್ದು ಬರುತ್ತಿದ್ದರೆ, ಸ್ಕ್ರೂಡ್ರೈವರ್ ತುದಿಗೆ ಮೆತ್ತಗೆ ಸಿಕ್ಕರೆ ಬೇಡ. ಬರೀ ಬಣ್ಣದ ಗೀರಿಗೆ ಹೆದರಬೇಡಿ, ಲಗ್ಗಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕಿಗೆ ಹೆದರಿ.

ರೆಡಿಮೇಡೋ, ಹೊಲಿಸುವುದೋ

ರೆಡಿ ಸಿಗುವ ಫ್ರೇಮುಗಳಲ್ಲಿ ಹೋಲಿಸಿ ನೋಡಲು ಮೂರು ಹೆಸರು ಹೇಳುತ್ತೇನೆ. ರಿಚಿ ರೋಡ್ ಲಾಜಿಕ್, ಹಳೆಯ ರೇಸಿಂಗ್ ಗುಣದ್ದು. ಫೇರ್‌ಲೈಟ್ ಸ್ಟ್ರೇಲ್, 853 ಟ್ಯೂಬಿನ ಡಿಸ್ಕ್ ಫ್ರೇಮ್, ದೂರದ ದಾರಿಗೆ. ಸರ್ಲಿ ಮಿಡ್‌ನೈಟ್ ಸ್ಪೆಷಲ್, 4130, ದಪ್ಪ ಟೈರ್, ಭಾರ ಆದರೆ ಯಾವುದಕ್ಕೂ ಜಗ್ಗದ್ದು. ಕೊಳ್ಳದಿದ್ದರೂ ಈ ಮೂರರ ಜ್ಯಾಮಿತಿ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನಿಮ್ಮ ಸ್ಟ್ಯಾಕ್, ರೀಚ್ ಜೊತೆ ತಾಳೆ ನೋಡಿ. ನಿಮಗೆ ಯಾವ ಜಾತಿಯ ಬೈಕ್ ಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ. ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ಸುಂಕ ಬೀಳುವುದು ಫ್ರೇಮಿನ ಬೆಲೆಯ ಮೇಲೆ ಮಾತ್ರ ಅಲ್ಲ, ಸಾಗಣೆ ಮತ್ತು ವಿಮೆ ಸೇರಿದ ಮೊತ್ತದ ಮೇಲೆ. ಅದರ ಮೇಲೆ ಜಿಎಸ್‌ಟಿ. ಆರ್ಡರ್ ಹಾಕುವ ಮುಂಚೆ ಪೂರ್ತಿ ಕೂಡಿಸಿ.

ಕಟ್ಟಿಸುವುದಾದರೆ ಬಿಲ್ಡರಿಗೆ ಎರಡು ಪ್ರಶ್ನೆ ಕೇಳಿ. ಹಿಂದೆ ಕಟ್ಟಿದ ಫ್ರೇಮೊಂದನ್ನು ಬಣ್ಣ ಹಚ್ಚುವ ಮುಂಚಿನ ಫೋಟೊ ಸಮೇತ ತೋರಿಸುತ್ತೀರಾ? ಕತ್ತರಿಸುವ ಮೊದಲು ಡ್ರಾಯಿಂಗ್ ಕಳಿಸುತ್ತೀರಾ? ಡ್ರಾಯಿಂಗ್ ಬಂದಾಗ ಅವಸರ ಬೇಡ. ಟೈರ್ ಜಾಗ, ಮಡ್‌ಗಾರ್ಡ್ ತೂತು, ಬಾಟಲಿ ಸ್ಟ್ಯಾಂಡ್, ವೈರ್ ಹೊರಗೋ ಒಳಗೋ, ಎಲ್ಲವನ್ನೂ ಪೆನ್ಸಿಲ್ ಹಿಡಿದು ಟಿಕ್ ಮಾಡಿ. ಮೂರನೇ ಬಾಟಲಿಯ ಬೋಲ್ಟ್ ಮರೆತಿದ್ದರಿಂದಲೇ ನಾನು ಭೋಸರಿಗೆ ಹೋಗಿ ಹಪ್ಪಳದ ಮಾತು ಕೇಳಿದ್ದು. ಒಟ್ಟು ಬಜೆಟ್ಟಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ ಫ್ರೇಮಿಗೆ ಹಾಕಬೇಡಿ. ಚಕ್ರಕ್ಕೂ ಟೈರಿಗೂ ಹಣ ಉಳಿಯಬೇಕು.

ಬಣ್ಣ, ತುಕ್ಕು, ಜೋಡಣೆ

ಪೌಡರ್ ಕೋಟಿಂಗ್ ಪಿಂಪ್ರಿ, ಭೋಸರಿ ಕಡೆ ಸುಲಭವಾಗಿ ಸಿಗುತ್ತದೆ. ಆದರೆ ಅವರು ದಿನವೂ ಮಾಡುವುದು ಕಿಟಕಿ ಗ್ರಿಲ್ಲು, ಮಷಿನ್ ಕವರು. ನಿಂತು ಹೇಳಬೇಕು. ಮರಳು ಹೊಡೆಯುವಾಗ ಒತ್ತಡ ಕಡಿಮೆ ಇರಲಿ, ತೆಳು ಗೋಡೆ. ಬಿಬಿ ಮರೆ, ಹೆಡ್ ಟ್ಯೂಬಿನ ಎರಡು ಬಾಯಿ, ಸೀಟ್ ಟ್ಯೂಬಿನ ಒಳಗೆ, ಡ್ರಾಪ್‌ಔಟಿನ ಮುಖ, ಇಷ್ಟಕ್ಕೂ ಬಿಸಿ ತಡೆಯುವ ಟೇಪ್ ಅಂಟಿಸಿ ಕೊಡಿ. ಇಲ್ಲದಿದ್ದರೆ ಪೌಡರ್ ಒಳಗೆ ಕೂತು ಯಾವುದೂ ಕೂರುವುದಿಲ್ಲ. ಒಲೆಯ ಬಿಸಿ 200 ಡಿಗ್ರಿಯ ಆಸುಪಾಸು ಇರುತ್ತದೆ. ಬೆಸುಗೆಯ ಬೆಳ್ಳಿ, ಹಿತ್ತಾಳೆ ಕರಗಲು 600 ಡಿಗ್ರಿಗೂ ಜಾಸ್ತಿ ಬೇಕು. ಹಾಗಾಗಿ ಆ ಭಯ ಬೇಡ.

ಸ್ಟೀಲ್ ಫ್ರೇಮ್ ತುಕ್ಕು ಹಿಡಿಯುವುದು ಒಳಗಿನಿಂದ. ಕುದಿಸಿದ ಅಗಸೆ ಎಣ್ಣೆ, ಪೇಂಟ್ ಅಂಗಡಿಯಲ್ಲಿ ಲಿನ್‌ಸೀಡ್ ಎಂದು ಸಿಗುವುದು, ಒಳ್ಳೆಯ ಮದ್ದು. ಅಗಸಿ ಹಿಂಡಿ ತಿಂದು ಬೆಳೆದ ನಮಗೆ ಇದರ ವಾಸನೆಯೇನೂ ಹೊಸದಲ್ಲ. ಬಿಬಿ, ಹೆಡ್‌ಸೆಟ್ ಕೂರಿಸುವ ಮುಂಚೆ ಪ್ರತಿ ಪೈಪಿನ ತೂತಿನಿಂದ ಒಳಗೆ ಸುರಿದು, ಫ್ರೇಮನ್ನು ಎಲ್ಲ ಕಡೆಗೆ ಹೊರಳಿಸಿ, ಹೆಚ್ಚಿದ್ದನ್ನು ಬಸಿದು ಎರಡು ದಿನ ಒಣಗಿಸಿ. ಒಳಗೆ ಪದರ ಕಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ ಬಿಚ್ಚಿ ಒಣಹಾಕಿ. ಬಿಬಿ ಶೆಲ್ಲಿನ ಕೆಳಗೆ ನೀರು ಹೋಗುವ ಸಣ್ಣ ತೂತು ಇದೆಯಾ ನೋಡಿ, ಪೌಡರಿನಿಂದ ಮುಚ್ಚಿದ್ದರೆ ಬಿಡಿಸಿ.

ಜೋಡಿಸುವಾಗ ಲೋಹಕ್ಕೆ ಲೋಹ ತಾಗುವ ಜಾಗಕ್ಕೆಲ್ಲ ಗ್ರೀಸ್. ಕೈ ಬಿಗಿ ಹಿಡಿಯಬೇಡಿ. ಮತ್ತೆ ಪ್ರತಿ ವರ್ಷ, ಮಿರಗ ಮಳೆ ಶುರುವಾಗುವ ಮುಂಚಿನ ಭಾನುವಾರ, ಸೀಟ್‌ಪೋಸ್ಟಿಗೆ ಟೇಪ್ ಸುತ್ತಿ ಎತ್ತರ ಗುರುತು ಮಾಡಿ, ಹೊರಗೆಳೆದು, ಒರೆಸಿ, ಹೊಸ ಗ್ರೀಸ್ ಹಚ್ಚಿ, ಗುರುತಿಗೆ ಸರಿಯಾಗಿ ಕೂರಿಸಿ. ಹತ್ತು ನಿಮಿಷದ ಕೆಲಸ. ಹ್ಯಾಕ್ಸಾ ಬ್ಲೇಡನ್ನು ನಾನು ಇನ್ನೂ ಟೂಲ್ ಡಬ್ಬಿಯಲ್ಲೇ ಇಟ್ಟುಕೊಂಡಿದ್ದೇನೆ, ಗ್ರೀಸ್ ಡಬ್ಬಿಯ ಪಕ್ಕದಲ್ಲೇ.